ರಂಗೋಲಿ ಚುಕ್ಕಿ ಎಣಿಸುವ ಕ್ಯಾಮೆರಾ

ನೀವು ಈಗ ನೋಡುತ್ತಿರುವುದು ನಮ್ಮ ತಾರಸಿಯ ಮೇಲಿನ ಬಕೆಟ್. ತಳದಲ್ಲಿ ಒಂದು ರೂಪಾಯಿ ನಾಣ್ಯ ಇದೆ. ನೀರನ್ನು ಬೆರಳಿಂದ ಸುಮ್ನೆ ಕಲಕುತ್ತೇನೆ. ನೋಡಿ, ನಾಣ್ಯ ಇದ್ದಲ್ಲೇ ಇದೆ. ಆದರೂ ಹಿಗ್ಗುತ್ತದೆ, ಕುಗ್ಗುತ್ತದೆ, ಎರಡಾಗುತ್ತದೆ. ನಕ್ಷತ್ರ ಮಿನುಗುವುದೂ ಹೀಗೇ. ನಡುವಿನ ಗಾಳಿ ಕಲಕುತ್ತಿರುತ್ತದೆ.

ಚಿಲಿ ದೇಶದ ಅಟಕಾಮಾ ಮರುಭೂಮಿಯಲ್ಲಿ ಪರನಾಲ್ ಅಂತ ಒಂದು ಬೆಟ್ಟ, 2,635 ಮೀಟರ್ ಎತ್ತರ. ಅಲ್ಲಿರುವ ನಾಲ್ಕು ದೊಡ್ಡ ಟೆಲಿಸ್ಕೋಪುಗಳಲ್ಲಿ ಒಂದರ ಹೆಸರು ಯೇಪುನ್. ಕನ್ನಡಿ 8.2 ಮೀಟರ್ ಅಗಲ. ಅಷ್ಟಿದ್ದರೂ ಗಾಳಿಯ ಕಾಟ ತಪ್ಪಿದ್ದಲ್ಲ. 2016ರಲ್ಲಿ ಅದಕ್ಕೆ ನಾಲ್ಕು ಲೇಸರ್ ಕೂರಿಸಿದರು. ಸುಮಾರು 90 ಕಿಲೋಮೀಟರ್ ಮೇಲಿರುವ ಸೋಡಿಯಂ ಪದರಕ್ಕೆ ಆ ಬೆಳಕು ತಾಗಿದಾಗ ನಾಲ್ಕು ಪುಟ್ಟ ನಕ್ಷತ್ರ ಹೊತ್ತಿಕೊಳ್ಳುತ್ತವೆ. ಅವುಗಳ ಬೆಳಕು ಕೆಳಗೆ ಬರುವಾಗ ಎಷ್ಟು ಕಲಕಿತು ಅಂತ ನೋಡಲು ನಾಲ್ಕು ಕ್ಯಾಮೆರಾ.

ನನಗೆ ಪ್ರೀತಿ ಹುಟ್ಟಿದ್ದು ಈ ಕ್ಯಾಮೆರಾ ಮೇಲೆ. ಅದರ ಸೆನ್ಸರ್ 240 ಬೈ 240, ಅಂದರೆ ಬರೀ 57,600 ಪಿಕ್ಸೆಲ್. ನನ್ನ ಫೋನಿನಲ್ಲೇ 5 ಕೋಟಿ ಇದೆ! ಸೊನ್ನೆ ಎಲ್ಲೋ ಬಿಟ್ಟುಹೋಗಿದೆ ಅಂದುಕೊಂಡಿದ್ದೆ. ಇಲ್ಲ, ಲೆಕ್ಕ ಸರಿಯಾಗೇ ಇದೆ. ಕ್ಯಾಮೆರಾ ಮುಂದೆ 40 ಬೈ 40 ಪುಟಾಣಿ ಲೆನ್ಸುಗಳ ಜಾಲರಿ. ಒಂದೊಂದು ಲೆನ್ಸೂ ಒಂದೊಂದು ಚುಕ್ಕಿ ಇಡುತ್ತದೆ, ರಂಗೋಲಿಗೆ ಇಟ್ಟ ಹಾಗೆ. ಒಂದು ಚುಕ್ಕಿಗೆ 6 ಬೈ 6 ಪಿಕ್ಸೆಲ್ ಜಾಗ. ಗಾಳಿ ಕಲಕಿದರೆ ಚುಕ್ಕಿ ಸಾಲು ತಪ್ಪುತ್ತದೆ. ಎತ್ತ ತಪ್ಪಿತು, ಎಷ್ಟು ತಪ್ಪಿತು, ಅಷ್ಟು ಗೊತ್ತಾದರೆ ಸಾಕು.

ಆದರೆ ಅದು ಸೆಕೆಂಡಿಗೆ 1,000 ಸಲ ಗೊತ್ತಾಗಬೇಕು. ಸೆಕೆಂಡಿಗೆ 10 ಮೀಟರ್ ಬೀಸುವ ಗಾಳಿ ಅಷ್ಟರಲ್ಲೇ ಒಂದು ಸೆಂಟಿಮೀಟರ್ ಸರಿದಿರುತ್ತದೆ. ತಡ ಮಾಡಿದರೆ ದಾಟಿ ಹೋದ ಗಾಳಿಗೆ ಮದ್ದು ಅರೆದ ಹಾಗೆ. ಇನ್ನು ಬೆಳಕೋ, ಅಷ್ಟೊಂದು ಲೆನ್ಸುಗಳಿಗೆ ಹಂಚಿ ಹೋಗಿರುತ್ತದೆ. ಒಂದು ಚುಕ್ಕಿಗೆ ಸಿಗುವುದು ತೀರಾ ಕಡಿಮೆ. ಅದಕ್ಕೇ ಆ ಬೆಳಕು ಸೆನ್ಸರ್ ಚಿಪ್ಪಿನಲ್ಲಿ ಹುಟ್ಟಿಸಿದ ಒಂದು ಎಲೆಕ್ಟ್ರಾನನ್ನು ಅಲ್ಲೇ ಒಳಗೆ ನೂರಾರು ಮೆಟ್ಟಿಲು ಹತ್ತಿಸಿ ನೂರಾರಾಗಿ ಬೆಳೆಸುತ್ತಾರೆ. ಹೊರಗೆ ತರಲು ಒಂದಲ್ಲ, ಎಂಟು ಬಾಗಿಲು. ಯೋಚನೆ ಎಷ್ಟು ಚೆಂದ ಅಲ್ವಾ?

ಈ ಲೆಕ್ಕ ಹೋಗುವುದು 1.1 ಮೀಟರ್ ಅಗಲದ ಎರಡನೇ ಕನ್ನಡಿಗೆ. ದಪ್ಪ ಸುಮಾರು 2 ಮಿಲಿಮೀಟರ್, ಅಷ್ಟೇ. ಬೆನ್ನ ಹಿಂದಿನ 1,170 ಸಾಧನಗಳು ಅದನ್ನು ತಳ್ಳಿ, ಎಳೆದು, ಗಾಳಿ ಸೊಟ್ಟ ಮಾಡಿದ ಬೆಳಕನ್ನು ನೇರ ಮಾಡುತ್ತವೆ.

2018ರಲ್ಲಿ ಯೇಪುನ್ ತೆಗೆದ ನೆಪ್ಚೂನ್ ಚಿತ್ರ ಬಾಹ್ಯಾಕಾಶದಲ್ಲಿರುವ ಹಬಲ್ ಟೆಲಿಸ್ಕೋಪಿನ ಚಿತ್ರಕ್ಕಿಂತ ಸ್ಪಷ್ಟವಾಗಿತ್ತು. ನೆಲದ ಮೇಲೆ ನಿಂತು! ಅಂಥ ಚಿತ್ರಕ್ಕಾಗಿ ಒಂದು ಗಂಟೆಗೆ ಒಂದೊಂದು ಕ್ಯಾಮೆರಾ ತೆಗೆಯುವುದು 36 ಲಕ್ಷ ಫೋಟೋ. ಅವನ್ನು ಯಾರೂ ಗೋಡೆಗೆ ಹಾಕಿಕೊಳ್ಳುವುದಿಲ್ಲ.

ಬಕೆಟ್ ನೀರು ಈಗ ನಿಂತಿದೆ. ಸ್ವಲ್ಪ ಹತ್ತಿರ ತರುತ್ತೇನೆ. ನಾಣ್ಯದ ಮೇಲಿನ ಇಸವಿ ಕಾಣುತ್ತಿದೆಯಾ? 2011.