ಬೆಣ್ಣೆಹಣ್ಣಿಗೆ ಎಷ್ಟು ಮೇಣ?

ಕೇಳುಗರಿಗೆ ನಮಸ್ಕಾರ. ಹಾಸನ, ಚಿಕ್ಕಮಗಳೂರು ಕಡೆಯ ತೋಟದವರು ಕಾಫಿ, ಮೆಣಸಿನ ಲೆಕ್ಕವನ್ನು ಬಾಯಲ್ಲೇ ಹೇಳುತ್ತೀರಿ. ಅದೇ ತೋಟದಲ್ಲಿ ಬೆಣ್ಣೆಹಣ್ಣು, ಪ್ಯಾಶನ್ ಫ್ರೂಟ್ ಎಷ್ಟು ಹಾಳಾಯಿತು ಅಂತ ಕೇಳಿದರೆ ಲೆಕ್ಕವೇ ಇಲ್ಲ, ಅಲ್ವಾ?

ಕಿತ್ತ ಮೇಲೂ ಹಣ್ಣು ಉಸಿರಾಡುತ್ತದೆ, ಬೆವರುತ್ತದೆ. ಪ್ಯಾಶನ್ ಫ್ರೂಟ್ ಕೆಲವೇ ದಿನಕ್ಕೆ ಗಾಳಿ ಹೋದ ಚೆಂಡಿನ ಹಾಗೆ ಸುಕ್ಕಾಗುವುದು ಈ ಬೆವರಿನಿಂದ. ಒಳಗಿನ ರಸ ಚೆನ್ನಾಗಿಯೇ ಇರುತ್ತದೆ, ಆದರೆ ಕೊಳ್ಳುವವರು ಮೂಗು ಮುರಿಯುತ್ತಾರೆ. ಸಿಪ್ಪೆಯ ಮೇಲೆ ತಿನ್ನಬಹುದಾದ ಒಂದು ಪದರ ಹಚ್ಚಿದರೆ ಬೆವರು ಕಮ್ಮಿ, ಉಸಿರು ನಿಧಾನ. ಜೇನುಮೇಣ, ಅರಗು, ಬ್ರೆಜಿಲ್‌ನ ತಾಳೆ ಎಲೆಯಿಂದ ಬರುವ ಕಾರ್ನೌಬಾ ಮೇಣ, ಇವನ್ನು ಹಣ್ಣಿಗೆ ಹಚ್ಚಲು ನಮ್ಮ ಆಹಾರ ಕಾನೂನು ಒಪ್ಪಿದೆ. ಆದರೆ ತೆಳ್ಳಗೆ. ಕೇಳಿಸಿತಾ? ತೆಳ್ಳಗೆ.

ಮೂಡಿಗೆರೆ ಹತ್ತಿರ ನಮ್ಮ ಭಾವನ ತೋಟ. ಕಾಫಿ ನಡುವೆ ಬೆಣ್ಣೆಹಣ್ಣಿನ ಮರಗಳಿವೆ. ಒಂದು ಮಳೆಗಾಲ, ಹಾಲಿನ ಹಾಗಿರುವ ಮೇಣದ ದ್ರಾವಣ ಕೊಟ್ಟು, "ಒಂದೇ ಸಲ ಅದ್ದಿ, ಫ್ಯಾನ್ ಕೆಳಗೆ ಆರಿಸಿ, ಸಾಕು" ಅಂದೆ. ಭಾವನಿಗೆ ಜೀಪಿಗೆ ಪೇಂಟ್ ಹೊಡೆಸಿದ ಅನುಭವ. ಮೂರು ಸಲ ಅದ್ದಿದರು! ಹಣ್ಣು ಫಳಫಳ. ಅಕ್ಕ ಅದರಲ್ಲಿ ಮುಖ ನೋಡಿಕೊಂಡಳಂತೆ. ಹತ್ತು ದಿನ ಬಿಟ್ಟು ಕ್ರೇಟ್ ತೆಗೆದರೆ ಇನ್ನೂ ಒಳ್ಳೆ ಹಸಿರು. ಗೆದ್ದೆ ಅಂದುಕೊಂಡು ಭಾವ ಚಾಕು ಹಾಕಿದರು. ಗಪ್ಪಂತ ಹೆಂಡದ ವಾಸನೆ! ತಿರುಳು ಒಂದು ಕಡೆ ಕಲ್ಲು, ಇನ್ನೊಂದು ಕಡೆ ಕಪ್ಪು. ಗಾಳಿ ಸಿಗದೆ ಹಣ್ಣು ಒಳಗೊಳಗೇ ಹುದುಗಿತ್ತು. "ಏನಮ್ಮ, ಹಣ್ಣು ಮಾರಲೋ, ಬಾರ್ ಲೈಸೆನ್ಸ್ ತಗೊಳ್ಳಲೋ?" ಅಂತ ಫೋನು. ಉಸಿರು ನಿಧಾನ ಮಾಡಿ ಅಂದಿದ್ದು ಮಾರಾಯ್ರೆ, ಕತ್ತು ಹಿಸುಕಿ ಅಂತಲ್ಲ!

ಅಯ್ಯೋ, ಗಾಜಿನಾಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ಬೇಗ ಹೇಳಿಬಿಡುತ್ತೇನೆ. ಕಿತ್ತ ದಿನವೇ ಹಚ್ಚಿ. ಸುಕ್ಕಾದ ಮೇಲೆ ಹಚ್ಚಿದರೆ ಸುಮ್ನೆ ಖರ್ಚು. ಪೆಟ್ಟು ಬಿದ್ದ ಹಣ್ಣು ಬೇಡ, ಮೇಣ ಏನು ಮುಲಾಮಲ್ಲ. ತೊಳೆದು, ನೀರು ಪೂರ್ತಿ ಆರಿದ ಮೇಲೆ ಅದ್ದಿ. ಮಾರುವಾಗ ಮೇಣ ಹಚ್ಚಿದೆ ಅಂತ ಚೀಟಿ ಇರಬೇಕು, ಅದು ಕಾನೂನು. ಮೇಣದಬತ್ತಿ ಕರಗಿಸಿ ಹಚ್ಚಬಹುದಾ ಅಂತ ಒಬ್ಬರು ಕೇಳಿದ್ದರು. ದಯವಿಟ್ಟು ಬೇಡ. ಲೋಳೆಸರದ ಲೇಪನದ ವಿಷಯ ಇನ್ನೊಮ್ಮೆ ಕರೆದರೆ ಹೇಳುತ್ತೇನೆ. ಅದೂ ತೆಳ್ಳಗೇ. ನಮಸ್ಕಾರ.