ಜಾತಕ ನೋಡಿಸುವ ಖರ್ಚು ಸರ್ಕಾರದ್ದು

ಎಲ್ಲರಿಗೂ ನಮಸ್ಕಾರ. ಊಟ ಆದ ಮೇಲೆ ಸ್ಕೂಲ್ ಡಿಸ್ಟ್ರಿಕ್ಟ್ ವಿಲೀನದ ಅಧ್ಯಯನಕ್ಕೆ ರಾಜ್ಯ ಕೊಡುವ ಅನುದಾನದ ಬಗ್ಗೆ ಮಾತಾಡಿ ಅಂದರೆ, ಸಭೆಯನ್ನು ಮಲಗಿಸುವ ಕೆಲಸ ನನಗೆ ಒಪ್ಪಿಸಿದ್ದಾರೆ ಅಂತಲೇ ಅರ್ಥ. ಆದರೆ ಇಲ್ಲಿ ಕೂತವರಲ್ಲಿ ಮನೆ ಇರುವವರೆಲ್ಲ ಪ್ರಾಪರ್ಟಿ ಟ್ಯಾಕ್ಸ್ ಕಟ್ಟುವವರು. ನ್ಯೂಜೆರ್ಸಿಯಲ್ಲಿ ಆ ಬಿಲ್ಲಿನ ಸರಾಸರಿ 2024ರಲ್ಲಿ 10,000 ಡಾಲರ್ ದಾಟಿತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಶಾಲೆಗೆ ಹೋಗುತ್ತದೆ. ದುಡ್ಡು ನಿಮ್ಮದು, ಸ್ವಲ್ಪ ಹೊತ್ತು ಎಚ್ಚರವಾಗಿರಿ.

ಕರ್ನಾಟಕದಿಂದ ಬಂದವರಿಗೆ ಇಲ್ಲಿನ ವ್ಯವಸ್ಥೆ ಬೇಗ ತಲೆಗೆ ಹತ್ತುವುದಿಲ್ಲ. ಅಲ್ಲಿ ಒಂದು ಸರ್ಕಾರಿ ಶಾಲೆಯನ್ನು ಪಕ್ಕದ ಶಾಲೆಗೆ ಸೇರಿಸಬೇಕಾದರೆ ಇಲಾಖೆಯ ಆದೇಶ ಸಾಕು. ಎಸ್‌ಡಿಎಂಸಿಯವರು ಮನವಿ ಪತ್ರ ಹಿಡಿದು ಬಿಇಒ ಆಫೀಸಿಗೆ ಅಲೆಯುತ್ತಾರೆ. ಇಲ್ಲಿ ಡಿಸ್ಟ್ರಿಕ್ಟ್ ಅಂದರೆ ನಮ್ಮ ಜಿಲ್ಲೆಯಲ್ಲ. ತನ್ನದೇ ಬೋರ್ಡು, ತನ್ನದೇ ಬಜೆಟ್ಟು, ತನ್ನದೇ ತೆರಿಗೆ ಇರುವ ಪುಟ್ಟ ಸರ್ಕಾರ ಅದು. ಈ ರಾಜ್ಯದಲ್ಲಿ ಊರಾಡಳಿತಗಳು 564, ಸ್ಕೂಲ್ ಡಿಸ್ಟ್ರಿಕ್ಟುಗಳು ಸುಮಾರು 600. ಊರುಗಳಿಗಿಂತ ಅವೇ ಜಾಸ್ತಿ!

ಇಷ್ಟು ಚೂರಾಗಿದ್ದು ಹೇಗೆ? 1894ರ ಕಾನೂನು ಹಳ್ಳಿಹಳ್ಳಿಯ ಶಾಲಾ ಡಿಸ್ಟ್ರಿಕ್ಟುಗಳನ್ನು ಟೌನ್‌ಶಿಪ್ಪಿಗೊಂದರಂತೆ, ಅಂದರೆ ಹಲವು ಹಳ್ಳಿಗಳ ಊರಾಡಳಿತಕ್ಕೆ ಒಂದರಂತೆ, ಒಟ್ಟುಗೂಡಿಸಿತು. ಅಂದರೆ ಅದೂ ವಿಲೀನವೇ. ಆದರೆ ಟೌನ್‌ಶಿಪ್ಪಿನಿಂದ ಸಿಡಿದು ‘ಬರೋ’, ಅಂದರೆ ತನ್ನದೇ ಆಡಳಿತದ ಪುಟ್ಟ ಪಟ್ಟಣ, ಆದ ಊರಿಗೆ ಬೇರೆ ಡಿಸ್ಟ್ರಿಕ್ಟು ಸಿಗುತ್ತಿತ್ತು. ಪಕ್ಕದೂರಿನ ಶಾಲೆಯ ಸಾಲ ನಾವೇಕೆ ಹೊರಬೇಕು ಅಂತ ಜನ ಲೆಕ್ಕ ಹಾಕಿದರು. ಬರ್ಗನ್ ಕೌಂಟಿ (ನಮ್ಮ ಜಿಲ್ಲೆಗೆ ಇಲ್ಲಿ ಹಾಗನ್ನುತ್ತಾರೆ) ಒಂದರಲ್ಲೇ ಆ ಒಂದೇ ವರ್ಷ 26 ಹೊಸ ಬರೋಗಳು ಹುಟ್ಟಿದವು. ಇದನ್ನು ಒಂದು ಕಾಯಿಲೆ ಎನ್ನುವಂತೆ ‘ಬರೋಐಟಿಸ್’ ಅಂತ ಕರೆಯುತ್ತಾರೆ. ಕೂಡಿಸಲು ಹೋದ ಕಾನೂನೇ ಮನೆ ಪಾಲು ಮಾಡಿಸಿತು.

ದೇಶದ ಉಳಿದ ಕಡೆ ಕಥೆ ಬೇರೆ. 1939-40ರಲ್ಲಿ ಅಮೆರಿಕದಲ್ಲಿ 1,17,000ಕ್ಕೂ ಹೆಚ್ಚು ಡಿಸ್ಟ್ರಿಕ್ಟುಗಳಿದ್ದವು, ಈಗ 13,000 ಚಿಲ್ಲರೆ. ನ್ಯೂಜೆರ್ಸಿ ಮಾತ್ರ ಜಗ್ಗಲಿಲ್ಲ. ಇಲ್ಲಿ ಶಾಲೆಯೇ ಇಲ್ಲದ ಡಿಸ್ಟ್ರಿಕ್ಟುಗಳೂ ಇದ್ದವು, ಗೊತ್ತೇ? ಬೋರ್ಡು ಇದೆ, ಮೀಟಿಂಗು ನಡೆಯುತ್ತದೆ, ಮಕ್ಕಳನ್ನು ಫೀಸು ಕಟ್ಟಿ ಪಕ್ಕದೂರಿಗೆ ಕಳಿಸುತ್ತಾರೆ. ಅಂಥ 13ನ್ನು 2009ರಲ್ಲಿ ರದ್ದು ಮಾಡಿದರು. ಅದರಲ್ಲಿ ಸೀ ಬ್ರೈಟ್ ಅನ್ನುವ ಕಡಲ ದಂಡೆಯ ಸಣ್ಣ ಊರೂ ಒಂದು. ಹೆಸರು ನೆನಪಿಟ್ಟುಕೊಳ್ಳಿ.

2007ರಲ್ಲಿ ಪ್ರತಿ ಕೌಂಟಿಗೆ ಒಬ್ಬ ಅಧಿಕಾರಿಯನ್ನು ಕೂರಿಸಿ, ವಿಲೀನದ ಯೋಜನೆ ತನ್ನಿ ಅಂದಿದ್ದರು. ಅದು ಕಾಗದದಲ್ಲೇ ಉಳಿಯಿತು. ಆಮೇಲೆ ಸರ್ಕಾರ ದಾರಿ ಬದಲಿಸಿತು. 2022ರ ಜನವರಿಯಲ್ಲಿ ಗವರ್ನರ್ ಫಿಲ್ ಮರ್ಫಿ ಸಹಿ ಹಾಕಿದ ಕಾನೂನು ಯಾರನ್ನೂ ಒತ್ತಾಯಿಸುವುದಿಲ್ಲ. ಅಕ್ಕಪಕ್ಕದ ಡಿಸ್ಟ್ರಿಕ್ಟುಗಳು ಕೂಡಿದರೆ ಏನಾಗುತ್ತದೆ ಅಂತ ಅಧ್ಯಯನ ಮಾಡಿಸಿದರೆ ಆ ಖರ್ಚಿಗೆ ಅನುದಾನ ಕೊಡುತ್ತದೆ, ಅಷ್ಟೆ. ಜಾತಕ ನೋಡಿಸುವ ಖರ್ಚು ಸರ್ಕಾರದ್ದು, ಮದುವೆ ನಿಮ್ಮಿಷ್ಟ. 2018ರ ಇನ್ನೊಂದು ಕಾನೂನಿನಿಂದ ರಾಜ್ಯದ ನೆರವು ವರ್ಷವರ್ಷ ಕಡಿತವಾಗುತ್ತಿದ್ದ ಡಿಸ್ಟ್ರಿಕ್ಟುಗಳಿಗೆ, ಕೂಡಿದರೆ ಕಡಿತ ನಿಧಾನ ಮಾಡುತ್ತೇವೆ ಅನ್ನುವ ಬೆಲ್ಲದ ಚೂರೂ ಇದೆ. ಗಮನಿಸಿ, ಈ ಅನುದಾನ ಶಿಕ್ಷಣ ಇಲಾಖೆಯದಲ್ಲ. ಊರಾಡಳಿತಗಳನ್ನು ನೋಡಿಕೊಳ್ಳುವ ಸಮುದಾಯ ವ್ಯವಹಾರಗಳ ಇಲಾಖೆಯದು. ಇದು ಪಾಠದ ವಿಷಯಕ್ಕಿಂತ ತೆರಿಗೆಯ ವಿಷಯ ಅಂತ ಸರ್ಕಾರಕ್ಕೂ ಗೊತ್ತು.

ಸರ್ಕಾರಕ್ಕೆ ಧೈರ್ಯವಿಲ್ಲ, ಅದಕ್ಕೇ ವರದಿ ಬರೆಸುತ್ತಿದೆ ಅಂತ ಬೈಯುವವರಿದ್ದಾರೆ. ನಾನು ಹಾಗೆ ಬೈಯಲಾರೆ. ಒಂದು ಸಣ್ಣ ಬೋರ್ಡು ತನ್ನ ದುಡ್ಡಲ್ಲಿ ಅಧ್ಯಯನಕ್ಕೆ ಹೊರಟರೆ, ‘ನಮ್ಮ ಶಾಲೆ ಮಾರುತ್ತಿದ್ದಾರೆ’ ಅಂತ ಮರುದಿನವೇ ಗುಲ್ಲು. ರಾಜ್ಯದ ದುಡ್ಡಾದರೆ ‘ಸುಮ್ಮನೆ ನೋಡೋಣ’ ಅನ್ನಬಹುದು. ಈ ಅನುದಾನದ ದೊಡ್ಡ ಉಪಯೋಗ ಅದೇ: ಕೇಳಬಾರದ ಪ್ರಶ್ನೆಯನ್ನು ಕೇಳಲು ಒಂದು ನೆಪ.

ಕೆಲವು ವರ್ಷದ ಹಿಂದೆ ಅಂಥ ಒಂದು ವರದಿ ಮಂಡನೆಗೆ ಹೋಗಿದ್ದೆ. ಊರಿನ ಹೆಸರು ಬೇಡ. ಶಾಲೆಯ ಜಿಮ್‌ನಲ್ಲಿ ಮಡಚುವ ಕುರ್ಚಿಗಳು, ಬ್ಯಾಸ್ಕೆಟ್‌ಬಾಲ್ ಬಳೆಯ ಕೆಳಗೆ ಪರದೆ. ಕನ್ಸಲ್ಟೆಂಟು ಮುಂದಿನ ವರ್ಷಗಳಲ್ಲಿ ಎಷ್ಟು ಮಕ್ಕಳು, ಯಾವ ಕಟ್ಟಡ, ಯಾವ ಪಠ್ಯ, ಯಾವ ಜನಾಂಗದ ಮಕ್ಕಳ ಪ್ರಮಾಣ ಹೇಗೆ ಬದಲಾಗುತ್ತದೆ ಅಂತ ಒಂದೊಂದೇ ಸ್ಲೈಡು ತಿರುಗಿಸುತ್ತಿದ್ದ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ ತಾಯಿಯೊಬ್ಬಳು ಕೈ ಎತ್ತಿ, ‘ಬಸ್ಸು ಎಷ್ಟು ಹೊತ್ತಿಗೆ ಬರುತ್ತೆ?’ ಅಂದಳು. ಅದಕ್ಕೆ ಸ್ಲೈಡು ಇರಲಿಲ್ಲ.

ಆಮೇಲೆ ಬಂತು ಸಂಬಳದ ಪಟ್ಟಿ. ಎರಡೂರಿನ ಮೇಷ್ಟ್ರುಗಳಿಗೆ ಒಂದೇ ಅನುಭವ, ಬೇರೆ ಬೇರೆ ಸಂಬಳ. ಕೂಡಿದ ಮೇಲೆ ಯಾರೂ ಕೆಳಗಿನ ಪಟ್ಟಿಗೆ ಇಳಿಯಲು ಒಪ್ಪುವುದಿಲ್ಲ. ಡಿಸ್ಟ್ರಿಕ್ಟಿನ ಮುಖ್ಯಾಧಿಕಾರಿಯಾದ ಸೂಪರಿಂಟೆಂಡೆಂಟರಲ್ಲಿ ಒಬ್ಬರನ್ನು ಕಡಿಮೆ ಮಾಡಿ ಉಳಿಸಿದ್ದು ಅಲ್ಲೇ ಕರಗಿಹೋಗಬಹುದು. ನ್ಯೂಯಾರ್ಕಿನ ಹಳ್ಳಿಗಾಡಿನ ಡಿಸ್ಟ್ರಿಕ್ಟುಗಳನ್ನು ಅಭ್ಯಾಸ ಮಾಡಿದ ಸಿರಾಕ್ಯೂಸ್ ವಿಶ್ವವಿದ್ಯಾಲಯದ ವಿಲಿಯಂ ಡಂಕಂಬ್ ಮತ್ತು ಜಾನ್ ಯಿಂಗರ್ ತೋರಿಸಿದ್ದೂ ಇದಕ್ಕೆ ಹತ್ತಿರದ್ದೇ: ತೀರಾ ಸಣ್ಣವು ಕೂಡಿದರೆ ಉಳಿತಾಯ ನಿಜ, ಗಾತ್ರ ಬೆಳೆದಂತೆ ಲಾಭ ಕುಗ್ಗುತ್ತದೆ.

ಆದರೆ ಜಗಳ ನಡೆಯುವುದು ಒಟ್ಟು ಉಳಿತಾಯದ ಮೇಲಲ್ಲ, ಯಾವ ಊರಿನ ಪಾಲು ಎಷ್ಟು ಅನ್ನುವುದರ ಮೇಲೆ. ಕೂಡು ಡಿಸ್ಟ್ರಿಕ್ಟಿನ ಖರ್ಚನ್ನು ಆಸ್ತಿಯ ಬೆಲೆಯ ಪ್ರಕಾರ ಹಂಚಬಹುದು, ಮಕ್ಕಳ ತಲೆಯೆಣಿಕೆಯ ಪ್ರಕಾರ ಹಂಚಬಹುದು, ಎರಡನ್ನೂ ಬೆರೆಸಬಹುದು. ಕಡಲ ದಂಡೆಯಲ್ಲಿ ಮನೆ ದುಬಾರಿ, ಮಕ್ಕಳು ಕಡಿಮೆ. ಅಂಥ ಊರು ತಲೆಯೆಣಿಕೆ ಕೇಳುತ್ತದೆ, ಒಳಗಿನ ಊರು ಆಸ್ತಿಯ ಲೆಕ್ಕ ಕೇಳುತ್ತದೆ. ಇದು ಅಣ್ಣತಮ್ಮಂದಿರ ಜಗಳಕ್ಕಿಂತ ಬೇರೆಯೇನಲ್ಲ.

ಕೆಲವು ಕಡೆ ಮದುವೆ ಆಗಿಯೂ ಆಗಿದೆ. ಮಾನ್‌ಮತ್ ಕೌಂಟಿಯ ಅಟ್ಲಾಂಟಿಕ್ ಹೈಲ್ಯಾಂಡ್ಸ್ ಮತ್ತು ಹೈಲ್ಯಾಂಡ್ಸ್ ಅನ್ನುವ ಎರಡೂರಿಗೆ ಒಂದೊಂದು ಪ್ರಾಥಮಿಕ ಡಿಸ್ಟ್ರಿಕ್ಟು, ಎರಡಕ್ಕೂ ಸೇರಿ ಹೆನ್ರಿ ಹಡ್ಸನ್ ಅನ್ನುವ ಪ್ರೌಢಶಾಲಾ ಡಿಸ್ಟ್ರಿಕ್ಟು ಇತ್ತು. ಸೂಪರಿಂಟೆಂಡೆಂಟ್ ಮೂರಕ್ಕೂ ಒಬ್ಬರೇ, ಆದರೆ ಬೋರ್ಡು ಮೂರು, ಬಜೆಟ್ಟು ಮೂರು. 2023ರ ಸೆಪ್ಟೆಂಬರ್‌ನಲ್ಲಿ ಜನ ಮತ ಹಾಕಿದರು, 2024ರ ಜುಲೈ 1ರಿಂದ ಒಂದೇ ಡಿಸ್ಟ್ರಿಕ್ಟು ಆಯಿತು.

ನಮ್ಮ ಸೀ ಬ್ರೈಟ್‌ಗೂ ಅಲ್ಲಿಗೇ ಸೇರುವ ಆಸೆ. 2009ರಲ್ಲಿ ಅದನ್ನು ಸೇರಿಸಿದ್ದು ಓಷನ್‌ಪೋರ್ಟಿಗೆ. ಬಿಟ್ಟು ಹೋಗುತ್ತೇನೆ ಅಂದಾಗ, ನಿನಗೆ ಡಿಸ್ಟ್ರಿಕ್ಟೇ ಇಲ್ಲ, ಬಿಟ್ಟುಹೋಗುವುದು ಹೇಗೆ ಅಂತ ಓಷನ್‌ಪೋರ್ಟಿನ ಕಡೆಯವರ ವಾದ. ಹೋದರೆ ಅದು ಕಟ್ಟುವ ತೆರಿಗೆಯೂ ಹೋಗುತ್ತದಲ್ಲ! ರಾಜ್ಯದ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2025ರ ಆರಂಭದಲ್ಲಿ ಸೀ ಬ್ರೈಟ್‌ಗೆ ಕೇಳುವ ಹಕ್ಕಿದೆ ಅಂತಾಯಿತು.

ವೆಸ್ಟ್ ವಿಂಡ್ಸರ್-ಪ್ಲೇನ್ಸ್‌ಬರೋದಲ್ಲಿರುವ ನಮ್ಮ ಕನ್ನಡದವರು ನಗುತ್ತಿದ್ದೀರಿ. ನಿಮ್ಮದೂ ಎರಡು ಕೌಂಟಿಯ ಎರಡು ಟೌನ್‌ಶಿಪ್ಪು ಕೂಡಿದ ಡಿಸ್ಟ್ರಿಕ್ಟೇ. ಶಾಲೆ ಚೆನ್ನಾಗಿದೆ ಅಂತ ಅಲ್ಲಿ ಮನೆ ಕೊಂಡವರು ಆ ಮದುವೆಯ ಪತ್ರ ತೆಗೆದು ನೋಡಿದ್ದೀರಾ?

ಆ ಜಿಮ್‌ನ ಸಭೆ ಮುಗಿಯುವಾಗ ರಾತ್ರಿ ಹತ್ತು. ನನ್ನ ಪಕ್ಕ ಕೂತಿದ್ದ ಹಿರಿಯರೊಬ್ಬರು ವರದಿಯ ದಪ್ಪ ಪ್ರತಿಯಿಂದ ಸ್ಟೇಪಲ್ ಬಿಡಿಸಿ, ತೆರಿಗೆಯ ಕೋಷ್ಟಕವಿದ್ದ ಒಂದೇ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡರು. ಉಳಿದದ್ದನ್ನು ಕುರ್ಚಿಯ ಮೇಲೇ ಬಿಟ್ಟು ಎದ್ದುಹೋದರು.