ಹದಿನೈದರ ಬಾಯಿಯೊಳಗೆ ಯಾರೂ ಇಣುಕಿ ನೋಡುವುದಿಲ್ಲ

ನಮಸ್ಕಾರ. ಶುರು ಮಾಡುವ ಮುಂಚೆ ಒಂದು ಸಣ್ಣ ಕೆಲಸ. ನಾಲಿಗೆಯನ್ನು ಬಾಯಿಯೊಳಗೆ ಒಂದು ಸುತ್ತು ತಿರುಗಿಸಿ, ಕೆಳಗಿನ ದವಡೆಯ ಹಿಂದಿನ ತುದಿಯವರೆಗೂ. ಎಲ್ಲಾದರೂ ಖಾಲಿ ಜಾಗ ಸಿಕ್ಕಿತಾ? ನನಗೆ ಸಿಗುತ್ತದೆ. ಎಡಗಡೆ, ಕೆಳಗೆ. ಅಲ್ಲಿದ್ದ ಹಲ್ಲು ಹೋಗಿದ್ದು 1998ರ ಏಪ್ರಿಲ್‌ನಲ್ಲಿ, ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಮೇಲೆ.

ನೋವು ಶುರುವಾಗಿದ್ದು ದೀಪಾವಳಿ ಹೊತ್ತಿಗೆ. ಅಮ್ಮ ಲವಂಗ ಇಟ್ಟಳು. ಅಜ್ಜಿ ಹುಳ ಬಿದ್ದಿದೆ ಅಂದಳು. ಅಪ್ಪ ಪೇಪರಿನಿಂದ ತಲೆ ಎತ್ತದೆ, "ಹಾಲುಹಲ್ಲಿರಬೇಕು, ಬಿದ್ದು ಹೋಗುತ್ತೆ ಬಿಡು" ಅಂದರು. ನನಗಾಗ ಹದಿನೈದು ತುಂಬಿತ್ತು! ಕೊನೆಗೆ ಎಲ್ಲರೂ ಒಂದು ಮಾತಿಗೆ ಒಪ್ಪಿದರು: "ಪರೀಕ್ಷೆ ಮುಗೀಲಿ, ಆಮೇಲೆ ನೋಡೋಣ." ನಾನೂ ಒಪ್ಪಿದೆ. ಡಾಕ್ಟರ ಹತ್ತಿರ ಹೋಗುವಷ್ಟರಲ್ಲಿ ಹಲ್ಲು ಒಡೆದ ಶೇಂಗಾ ಸಿಪ್ಪೆಯ ಹಾಗಾಗಿತ್ತು. ಕಿತ್ತರು. ಗಣಿತದಲ್ಲಿ 91 ಬಂತು, ಅದು ಬೇರೆ ವಿಷಯ.

ಅಪ್ಪನ ಮಾತು ಈಗ ನಗು ತರಿಸುತ್ತದೆ. ಆದರೆ ಅದರಲ್ಲಿ ಅರ್ಧ ನಮ್ಮೆಲ್ಲರ ಅಜ್ಞಾನವೂ ಇದೆ. ಮಕ್ಕಳಿಗೆ ಆರನೇ ವರ್ಷದ ಆಸುಪಾಸಿನಲ್ಲಿ, ಹಾಲುಹಲ್ಲುಗಳ ಸಾಲಿನ ಹಿಂದೆ, ಒಂದು ದೊಡ್ಡ ದವಡೆ ಹಲ್ಲು ಬರುತ್ತದೆ. ಅದಕ್ಕಾಗಿ ಯಾವ ಹಲ್ಲೂ ಬೀಳುವುದಿಲ್ಲ. ಹಲ್ಲು ಬಿದ್ದರೆ ತಾನೆ ಮನೆಯಲ್ಲಿ ಗೊತ್ತಾಗುವುದು? ಬಿದ್ದದ್ದನ್ನು ಸಗಣಿ ಉಂಡೆಯಲ್ಲಿಟ್ಟು ಮಾಡಿನ ಮೇಲೆ ಎಸೆಯುತ್ತೇವೆ, ಸಂಭ್ರಮ ಪಡುತ್ತೇವೆ. ಇದು ಮಾತ್ರ ಸದ್ದಿಲ್ಲದೆ ಬಂದು ಕೂರುತ್ತದೆ. ಸಾಯುವ ತನಕ ಇರಬೇಕಾದ ಹಲ್ಲು. ನಾವು ಅದನ್ನು ಹಾಲುಹಲ್ಲು ಅಂದುಕೊಂಡು ಸುಮ್ಮನಿರುತ್ತೇವೆ. ಹನ್ನೆರಡಕ್ಕೆ ಅದರ ಹಿಂದೆ ಇನ್ನೊಂದು ಬರುತ್ತದೆ. ಅದು ಬಂದದ್ದಂತೂ ಯಾರಿಗೂ ಗೊತ್ತಿಲ್ಲ.

ನಾನು ಗಮನಿಸಿದ್ದು ಇಷ್ಟು. ನಮ್ಮ ಮನೆಗಳಲ್ಲಿ ಮಗುವಿನ ಬಾಯಿಯೊಳಗೆ ನೋಡುವುದು ಏಳೆಂಟು ವರ್ಷದವರೆಗೆ. ಆಮೇಲೆ ಮತ್ತೆ ನೋಡುವುದು ಮದುವೆ ಮಾತು ಬಂದಾಗ. ಆಗಲೂ ಮುಂದಿನ ಆರು ಹಲ್ಲು ಮಾತ್ರ. ಈ ಎರಡರ ನಡುವಿನ ಹತ್ತು ಹನ್ನೆರಡು ವರ್ಷ ಆ ಬಾಯಿಗೆ ದಿಕ್ಕು ದೆಸೆ ಇಲ್ಲ. ಹುಳುಕು ಕಾಣಿಸಿದ ದಿನ ಮಾತ್ರ, "ಎಷ್ಟು ಸಲ ಹೇಳಿದ್ದೆ, ಚಾಕಲೇಟ್ ತಿನ್ನಬೇಡ ಅಂತ" ಎಂದು ಹುಡುಗನ ಮೇಲೆ ಎಗರುತ್ತೇವೆ.

ಚಾಕಲೇಟ್ ಪಾಪ, ಎಲ್ಲದಕ್ಕೂ ಅದೊಂದೇ ಸಿಕ್ಕಿಬಿದ್ದಿದೆ. ಹತ್ತನೇ ಕ್ಲಾಸಿನ ಒಬ್ಬ ಹುಡುಗನ ದಿನ ನೋಡಿ. ಬೆಳಗ್ಗೆ ಆರಕ್ಕೆ ಟ್ಯೂಷನ್, ಅದಕ್ಕೆ ಮುಂಚೆ ಬಿಸ್ಕತ್ತು ಅದ್ದಿದ ಟೀ. ಬ್ರಷ್ ಆಯಿತೋ ಇಲ್ಲವೋ ಕೇಳುವವರಿಲ್ಲ. ಸಂಜೆ ಸ್ಕೂಲಿಂದ ಬರುವಾಗ ಬೇಕರಿ. ಒಂದು ಪಫ್, ಒಂದು ಬಾಟಲಿ ಕೂಲ್ ಡ್ರಿಂಕ್ಸ್, ನಾಲ್ಕು ಜನ ಫ್ರೆಂಡ್ಸ್. ಏಳಕ್ಕೆ ಮತ್ತೆ ಟ್ಯೂಷನ್, ಮಧ್ಯೆ ಐದು ರೂಪಾಯಿಯ ಚಿಪ್ಸ್. ಇಷ್ಟಾದ ಮೇಲೆ ರಾತ್ರಿ ಹನ್ನೊಂದಕ್ಕೆ, ಮಗು ಓದುತ್ತಿದೆ ಅಂತ ಅಮ್ಮ ಒಂದು ಲೋಟ ಹಾಲಿಗೆ ಸಿಹಿ ಪುಡಿ ಹಾಕಿ, ಜೊತೆಗೆ ಎರಡು ಚಮಚ ಸಕ್ಕರೆಯನ್ನೂ ಹಾಕಿ ತಂದುಕೊಡುತ್ತಾಳೆ. ಹುಡುಗ ಕುಡಿದು ಪುಸ್ತಕದ ಮೇಲೇ ಮಲಗುತ್ತಾನೆ. ಎಬ್ಬಿಸಿ ಹಲ್ಲುಜ್ಜಿಸಲು ಮನಸ್ಸು ಬರುತ್ತಾ? ನನಗೂ ಬರುವುದಿಲ್ಲ.

ಹಲ್ಲಿನಲ್ಲಿ ಹುಳ ಇರುವುದಿಲ್ಲ ಅಂತ ನಿಮಗೆ ಗೊತ್ತು. ಇರುವುದು ಬ್ಯಾಕ್ಟೀರಿಯಾ. ನಾವು ತಿಂದ ಸಕ್ಕರೆಯನ್ನು ಅವು ಆಮ್ಲ ಮಾಡುತ್ತವೆ, ಆ ಆಮ್ಲ ಹಲ್ಲಿನ ಮೇಲಿನ ಗಟ್ಟಿ ಪದರವನ್ನು ಕರಗಿಸುತ್ತದೆ. ಅದನ್ನು ತೊಳೆದು, ಕರಗಿದ್ದನ್ನು ಒಂದಿಷ್ಟು ಸರಿಮಾಡುವುದು ಎಂಜಲಿನ ಕೆಲಸ. ಅದಕ್ಕೆ ಅರ್ಧ ಗಂಟೆಯಾದರೂ ಬೇಕು. ಹಾಗಾಗಿ ಎಷ್ಟು ತಿಂದೆವು ಅನ್ನುವುದಕ್ಕಿಂತ ಎಷ್ಟು ಸಲ ತಿಂದೆವು ಅನ್ನುವುದು ದೊಡ್ಡದು. ಊಟದ ಜೊತೆ ಒಂದು ಹೋಳಿಗೆ ತಿಂದರೆ ಒಂದು ಸಲದ ಪೆಟ್ಟು. ಸಂಜೆಯೆಲ್ಲ ಒಂದೇ ಬಾಟಲಿಯನ್ನು ಗುಟುಕು ಗುಟುಕಾಗಿ ಕುಡಿದರೆ ಸಂಜೆಯೆಲ್ಲ ಪೆಟ್ಟು. ನಿದ್ದೆಯಲ್ಲಿ ಎಂಜಲು ಕಡಿಮೆಯಾಗುತ್ತದೆ. ಆ ಹನ್ನೊಂದು ಗಂಟೆಯ ಹಾಲು ಬೆಳಗಿನ ತನಕ ಅಲ್ಲೇ ಕೂತಿರುತ್ತದೆ. ಪ್ರೀತಿಯಿಂದ ಕೊಟ್ಟದ್ದು ಅಂತ ಬ್ಯಾಕ್ಟೀರಿಯಾಗೆ ಏನು ಗೊತ್ತು.

ಇದು ಮನೆಯೊಳಗಿನ ಕತೆ. ಮನೆಯ ಕೈಯಲ್ಲೂ ಇಲ್ಲದ್ದು ಇನ್ನೊಂದಿದೆ. ಪಾವಗಡದ ಕಡೆ ನಮ್ಮ ನೆಂಟರ ಮನೆಯಿದೆ. ಅಲ್ಲಿನ ಹುಡುಗಿ ಪಿಯುಸಿಗೆ ತುಮಕೂರಿನ ಹಾಸ್ಟೆಲ್ ಸೇರಿದಳು. ಮೊದಲ ವಾರವೇ ಯಾರೋ ಕೇಳಿದರಂತೆ, "ನಿಮ್ಮೂರಲ್ಲಿ ಹಲ್ಲುಜ್ಜಲ್ವಾ?" ಅವತ್ತಿನಿಂದ ಅವಳು ನಗುವಾಗ ಅಂಗೈ ಬಾಯಿಯ ಮೇಲೆ ಹೋಗುತ್ತದೆ. ಈಗ ಕೆಲಸದಲ್ಲಿದ್ದಾಳೆ, ಕೈ ಇನ್ನೂ ಹೋಗುತ್ತದೆ.

ಅವಳು ನಮ್ಮೆಲ್ಲರಿಗಿಂತ ಚೆನ್ನಾಗಿ ಹಲ್ಲುಜ್ಜುತ್ತಾಳೆ. ಅವಳ ಹಲ್ಲಿನ ಮೇಲಿರುವ ಕಂದು ಕಲೆ ಉಜ್ಜಿದರೆ ಹೋಗುವುದಲ್ಲ. ಪಾವಗಡ, ಕೋಲಾರ, ಚಿಕ್ಕಬಳ್ಳಾಪುರ, ರಾಯಚೂರು, ಕೊಪ್ಪಳದ ಕಡೆಯ ಎಷ್ಟೋ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಕೆಳಗಿನ ಬಂಡೆಯಿಂದಲೇ ಅದು ನೀರಿಗೆ ಇಳಿಯುತ್ತದೆ. ಕುಡಿಯುವ ನೀರಿನ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ದಾರಿಯೇ ಇಲ್ಲದಿದ್ದರೆ ಒಂದೂವರೆ, ಇದು ನಮ್ಮ ದೇಶದ ಮಾನದಂಡ. ಅದಕ್ಕಿಂತ ಜಾಸ್ತಿ ಇರುವ ನೀರನ್ನು ಹುಟ್ಟಿನಿಂದ ಏಳೆಂಟು ವರ್ಷದವರೆಗೆ ಕುಡಿದರೆ, ವಸಡಿನೊಳಗೆ ಹಲ್ಲು ಬೆಳೆಯುವಾಗಲೇ ಕಲೆ ಸೇರಿಕೊಳ್ಳುತ್ತದೆ. ಹಲ್ಲು ಹೊರಗೆ ಬರುವುದೇ ಹಾಗೆ. ಈಗ ಊರೂರಲ್ಲಿ ಶುದ್ಧ ನೀರಿನ ಘಟಕ ಬಂದಿದೆ, ನಾಣ್ಯ ಹಾಕಿದರೆ 20 ಲೀಟರಿನ ಕ್ಯಾನ್ ತುಂಬುತ್ತದೆ. ಒಳ್ಳೆಯದೇ. ಆದರೆ ನಮ್ಮ ನೆಂಟರ ಮನೆಯಲ್ಲಿ ಕ್ಯಾನ್ ನೀರು ಕುಡಿಯಲಿಕ್ಕೆ ಮಾತ್ರ. ಅನ್ನ, ಸಾರು, ಟೀ ಎಲ್ಲ ಇನ್ನೂ ಬೋರ್ ನೀರಿನಲ್ಲೇ. ಕಾಯಿಸಿದರೆ ಸರಿಹೋಗುತ್ತದೆ ಅನ್ನುವುದು ಅವರ ಲೆಕ್ಕ. ಫ್ಲೋರೈಡ್ ಕುದಿದು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದು ಹೆಚ್ಚುತ್ತದೆ.

ಇಷ್ಟು ಕೇಳಿ ಪೇಸ್ಟಿನಲ್ಲೂ ಫ್ಲೋರೈಡ್ ಬೇಡ ಅನ್ನಬೇಡಿ. ಪೇಸ್ಟಿನದು ಹಲ್ಲಿನ ಮೇಲೆ ಹಚ್ಚಿ ಉಗುಳುವುದು, ಹುಳುಕು ತಡೆಯುತ್ತದೆ. ನೀರಿನದು ಹೊಟ್ಟೆಗೆ ಹೋಗುವುದು. ಎರಡೂ ಬೇರೆ.

ಇನ್ನು ನಾನು ನಿಜವಾಗಿ ಮಾತಾಡಬೇಕು ಅಂದುಕೊಂಡದ್ದು ಅಡಿಕೆ, ತಂಬಾಕಿನ ಪೊಟ್ಟಣದ ಬಗ್ಗೆ. ಮಲೆನಾಡಿನವರು ಬೈಯಬಹುದು. ನನ್ನ ಹೆಂಡತಿಯ ತವರೂ ಅಡಿಕೆ ತೋಟದ ಮನೆಯೇ. ಹಾಗಾಗಿ ಬೈಗುಳ ನನಗೆ ಮನೆಯಲ್ಲೇ ಸಿಗುತ್ತದೆ.

ಹುಡುಗ ಮೊದಲ ಸಲ ಪೊಟ್ಟಣ ಮುಟ್ಟುವುದು ಯಾವಾಗ ಗೊತ್ತಾ? ಕಾಲೇಜಿನಲ್ಲಿ, ಕೆಟ್ಟ ಸಹವಾಸದಲ್ಲಿ ಅಂತ ಎಲ್ಲರೂ ಹೇಳುತ್ತಾರೆ. ಅಲ್ಲ. ಎಂಟನೇ ವಯಸ್ಸಿಗೆ ಅಪ್ಪನೋ ದೊಡ್ಡಪ್ಪನೋ ಹತ್ತು ರೂಪಾಯಿ ಕೈಗಿಟ್ಟು, "ಹೋಗೋ, ಗೂಡಂಗಡಿಯಿಂದ ಎರಡು ತಗೊಂಡು ಬಾ, ಚಿಲ್ಲರೆ ನೀನಿಟ್ಕೋ" ಅಂತ ಕಳಿಸುತ್ತಾರಲ್ಲ, ಅವತ್ತು. ಯಾವ ಬ್ರ್ಯಾಂಡು, ಹೇಗೆ ಹರಿಯುವುದು, ಎರಡನ್ನು ಅಂಗೈಯಲ್ಲಿ ಹೇಗೆ ಬೆರೆಸುವುದು, ಎಲ್ಲ ಅವನಿಗೆ ಅವತ್ತೇ ಪಾಠವಾಗಿರುತ್ತದೆ. ಫ್ರೆಂಡ್ಸ್ ಆಮೇಲೆ ಬರೀ ಧೈರ್ಯ ಕೊಡುತ್ತಾರೆ.

ಎರಡು ಪೊಟ್ಟಣ ಯಾಕೆ ಅಂದರೆ, ಕರ್ನಾಟಕದಲ್ಲಿ 2013ರಲ್ಲೇ ಗುಟ್ಕಾ ನಿಷೇಧವಾಗಿದೆ. ತಂಬಾಕು ಬೆರೆಸಿ ಮಾರುವಂತಿಲ್ಲ. ಸರಿ, ಬೇರೆ ಬೇರೆ ಮಾರುತ್ತೇವೆ ಅಂತ ಪಾನ್ ಮಸಾಲ ಒಂದು, ತಂಬಾಕು ಒಂದು ಮಾಡಿದರು. ಬೆರೆಸುವ ಕೆಲಸ ಗಿರಾಕಿಗೆ ಬಂತು. ಶಾಲೆಯಿಂದ ನೂರು ಗಜದೊಳಗೆ ತಂಬಾಕು ಮಾರಬಾರದು ಅಂತ 2003ರ ಕಾನೂನು ಹೇಳುತ್ತದೆ. ಕೊಳ್ಳುವ ವಯಸ್ಸನ್ನು ನಮ್ಮ ರಾಜ್ಯ 2025ರಲ್ಲಿ 18ರಿಂದ 21ಕ್ಕೆ ಏರಿಸಿತು. ಯಾವ ಗೂಡಂಗಡಿಯಲ್ಲಿ ಆಧಾರ್ ಕಾರ್ಡ್ ಕೇಳಿದ್ದಾರೆ ಹೇಳಿ? ಕೇಳಿದರೂ ಹುಡುಗ "ಅಪ್ಪನಿಗೆ" ಅಂತಾನೆ. ಅದು ನಿಜವೂ ಆಗಿರುತ್ತದೆ.

ತಂಬಾಕಿಲ್ಲ, ಬರೀ ಅಡಿಕೆ ಅನ್ನುವ ಸಮಾಧಾನವೂ ಬೇಡ. ಅಡಿಕೆಯೊಂದೇ ಆದರೂ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪಟ್ಟಿಗೆ ಸೇರಿಸಿದೆ. ಅದಕ್ಕೂ ಮುಂಚೆ ಬರುವ ಕಾಟ ಇನ್ನೊಂದಿದೆ. ಕೆನ್ನೆಯ ಒಳಭಾಗ ಬೆಳ್ಳಗಾಗಿ ಬಿಗಿಯುತ್ತಾ ಹೋಗುತ್ತದೆ. ಮೊದಲು ಖಾರ ತಾಗಿದರೆ ಉರಿ. ಆಮೇಲೆ ಬಾಯಿ ದೊಡ್ಡದಾಗಿ ತೆರೆಯಲು ಆಗುವುದಿಲ್ಲ. ನಿಮ್ಮ ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿ ಹಲ್ಲುಗಳ ನಡುವೆ ಇಟ್ಟು ನೋಡಿ. ಸಾಮಾನ್ಯವಾಗಿ ಹಿಡಿಸುತ್ತದೆ. ಎರಡೇ ಹಿಡಿಸುವ ಇಪ್ಪತ್ತರ ಹುಡುಗನನ್ನು ನಾನು ನೋಡಿದ್ದೇನೆ. ಪಾನಿಪುರಿಯನ್ನು ಒಡೆದು ತಿನ್ನುತ್ತಿದ್ದ. ಜೊತೆಗಿದ್ದವರು ಅದನ್ನೇ ಇಟ್ಟುಕೊಂಡು ತಮಾಷೆ ಮಾಡುತ್ತಿದ್ದರು. ಅವನೂ ನಗುತ್ತಿದ್ದ, ಎಷ್ಟು ಬಾಯಿ ತೆರೆಯುತ್ತದೋ ಅಷ್ಟು.

ಅವನ ತಂಗಿಗೆ ಮನೆಯವರು ಕ್ಲಿಪ್ ಹಾಕಿಸಿದ್ದಾರೆ. ಸಾಲ ಮಾಡಿ. ಹಲ್ಲು ಸ್ವಲ್ಪ ಉಬ್ಬಿದೆ, ನಾಳೆ ಗಂಡಿನ ಕಡೆಯವರು ಬಂದಾಗ ಅಂತ. ಹುಡುಗನ ಹಲ್ಲಿನ ಬಗ್ಗೆ ಯಾರೂ ಚಿಂತೆ ಮಾಡಲಿಲ್ಲ, ಗಂಡು ಮಗುವಿಗೆ ಹಲ್ಲೇನು ನೋಡುತ್ತಾರೆ ಅಂತ. ಹುಡುಗಿಯದು ಚಿಂತೆ, ಆದರೆ ಅವಳ ಹಿಂದಿನ ಹಲ್ಲಿನದಲ್ಲ. ಇದೊಂದು ವಿಚಿತ್ರ ಪ್ರೀತಿ. ಜೊತೆಗೆ ಈಗ ರೀಲ್ಸ್ ಬೇರೆ. ನಿಂಬೆಹಣ್ಣಿಗೆ ಅಡುಗೆ ಸೋಡಾ ಬೆರೆಸಿ ಉಜ್ಜಿದರೆ ಒಂದೇ ವಾರಕ್ಕೆ ಬೆಳ್ಳಗೆ ಅಂತ ಯಾರೋ ಹೇಳುತ್ತಾರೆ, ಹುಡುಗಿಯರು ನಂಬಿ ಉಜ್ಜುತ್ತಾರೆ. ನಿಂಬೆಹುಳಿಯೂ ಆಮ್ಲವೇ ತಾನೆ? ಮೇಲಿನ ಪದರ ಸವೆದರೆ ಮತ್ತೆ ಬೆಳೆಯುವುದಿಲ್ಲ, ಉಗುರಲ್ಲ ಅದು.

ದುಡ್ಡಿನ ಮಾತು ಬಂತಲ್ಲ. ರೂಟ್ ಕೆನಾಲ್ ಮಾಡಿಸಿ ಮೇಲೆ ಕ್ಯಾಪ್ ಹಾಕಿಸುವ ಖರ್ಚಿಗೆ ಎಷ್ಟೋ ಮನೆಯಲ್ಲಿ ತಿಂಗಳ ರೇಷನ್ ಬರುತ್ತದೆ. ಹಾಗಾಗಿ "ಕಿತ್ತು ಬಿಡಿ ಸಾರ್" ಅನ್ನುತ್ತಾರೆ. ಬೈಯುವುದು ಹೇಗೆ? ಆದರೆ ನಮ್ಮ ರಾಜ್ಯದಲ್ಲಿ ನಲವತ್ತಕ್ಕೂ ಜಾಸ್ತಿ ಡೆಂಟಲ್ ಕಾಲೇಜುಗಳಿವೆ. ಅಲ್ಲಿ ಕಲಿಯುವವರು ಮೇಷ್ಟ್ರ ಕಣ್ಣೆದುರು ಮಾಡುವ ಕೆಲಸಕ್ಕೆ ಹೊರಗಿಗಿಂತ ತುಂಬಾ ಕಡಿಮೆ ಆಗುತ್ತದೆ. ಬೆಂಗಳೂರಿನವರಿಗೆ ವಿಕ್ಟೋರಿಯಾ ಆಸ್ಪತ್ರೆ ಹತ್ತಿರ ಸರ್ಕಾರಿ ಡೆಂಟಲ್ ಕಾಲೇಜೇ ಇದೆ. ಸರದಿ ಕಾಯಬೇಕು, ಅರ್ಧ ದಿನ ಹೋಗುತ್ತದೆ, ಅದು ನಿಜ. ಇನ್ನು ಸರ್ಕಾರಿ ಶಾಲೆಗಳಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಬರುತ್ತದೆ. 18 ವರ್ಷದವರೆಗಿನ ಮಕ್ಕಳನ್ನು ನೋಡುತ್ತಾರೆ, ಹಲ್ಲನ್ನೂ. ತೊಂದರೆ ಇದ್ದರೆ ಆಸ್ಪತ್ರೆಗೆ ಹೋಗಿ ಅಂತ ಚೀಟಿ ಕೊಡುತ್ತಾರೆ. ಆ ಚೀಟಿ ಬ್ಯಾಗಿನ ತಳದಲ್ಲಿ ಟಿಫನ್ ಬಾಕ್ಸಿನ ಎಣ್ಣೆ ಕುಡಿಯುತ್ತಾ ಬಿದ್ದಿರುತ್ತದೆ. ಒಮ್ಮೆ ಬ್ಯಾಗ್ ಕೊಡವಿ ನೋಡಿ.

ಈ ಸ್ಕ್ರಿಪ್ಟ್ ಬರೆಯುವಾಗ ನನ್ನ ಮಗನನ್ನು ಕರೆದೆ. ಹದಿನಾಲ್ಕು ವರ್ಷ. ಮೊಬೈಲ್ ಟಾರ್ಚ್ ಹಾಕಿ "ಆ ಅನ್ನೋ" ಅಂದೆ. "ಮೊದಲು ನೀನು ಅನ್ನು" ಅಂದ. ಅಂದೆ. ಬಗ್ಗಿ ನೋಡಿ, "ಅಪ್ಪಾ, ಇಲ್ಲೊಂದು ಇಲ್ವಲ್ಲ" ಅಂದ. ಎಸ್ಸೆಸ್ಸೆಲ್ಸಿ ಕತೆ ಹೇಳಿದೆ. ಆಮೇಲೆ ಅವನ ಬಾಯಿ ನೋಡಿದೆ. ಕೆಳಗೆ, ಬಲಗಡೆ, ಎರಡು ಕಪ್ಪು ಚುಕ್ಕೆ. ಬುಧವಾರ ಡಾಕ್ಟರ ಹತ್ತಿರ ಹೋಗೋಣ ಅಂದೆ. ಅಡುಗೆ ಮನೆಯಿಂದ ಹೆಂಡತಿಯ ಧ್ವನಿ ಬಂತು: "ಮುಂದಿನ ವಾರ ಟೆಸ್ಟ್ ಇದೆ ಕಣ್ರೀ, ಮುಗೀಲಿ."

ಬುಧವಾರವೇ ಹೋದೆವು. ಅವನ ಎರಡು ಹಲ್ಲಿಗೆ ಸಿಮೆಂಟ್ ಹಾಕಿದರು, ಇಪ್ಪತ್ತು ನಿಮಿಷದ ಕೆಲಸ. ನನ್ನ ವಸಡು ನೋಡಿ, ನೀವೊಂದು ಸಲ ಬಂದು ಕ್ಲೀನ್ ಮಾಡಿಸಿಕೊಳ್ಳಿ ಅಂದರು. ಅದಾಗಿ ಒಂದೂವರೆ ತಿಂಗಳಾಯಿತು. ಮಗ ದಿನಾ ಕೇಳುತ್ತಿದ್ದಾನೆ. ನಾನಿನ್ನೂ ಹೋಗಿಲ್ಲ.